ಅಕ್ಕ, ತಮ್ಮ ಮತ್ತು ತಿಮಿಂಗಿಲ: ಉತ್ತರ ಅಲಾಸ್ಕಾದ ಹಿರಿಯರ ನೆನಪುಗಳು

(ಊರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೊನೆಗೆ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳುವುದು ಒಂದೇ ಮನೆಯ ಅಕ್ಕ-ತಮ್ಮನ ಕಥೆ. ಅಕ್ಕ ಸೇಡೀ ಬ್ರೋವರ್ ನೀಯಾಕೋಕ್, ಹುಟ್ಟಿದ್ದು 1916ರಲ್ಲಿ. ತಮ್ಮ ಹ್ಯಾರಿ ಬ್ರೋವರ್, ಹುಟ್ಟಿದ್ದು 1924ರಲ್ಲಿ. ಊರಿನವರು ಹ್ಯಾರಿ ಅವರನ್ನು ಕರೆಯುತ್ತಿದ್ದ ಹೆಸರು ಕುಪಾಕ್. ಇಬ್ಬರೂ ಈಗಿಲ್ಲ. ಇಬ್ಬರೂ ಮುಪ್ಪಿನಲ್ಲಿ ತಮ್ಮ ನೆನಪುಗಳನ್ನು ಕೇಳಿದವರ ಮುಂದೆ ಬಿಚ್ಚಿಟ್ಟು ಹೋದರು. ಹಿರಿಯರ ನೆನಪು ಅಂದ ಕೂಡಲೇ ಕಳೆದುಹೋದ ಕಾಲಕ್ಕೆ ಹಂಬಲಿಸುವ ಮಾತು ಅಂತ ನಾವು ಅಂದುಕೊಳ್ಳುತ್ತೇವೆ. ಈ ಇಬ್ಬರ ನೆನಪು ಒಮ್ಮೆ ಒಂದು ಕಾನೂನಿಗೆ ಎದುರು ನಿಂತಿತು, ಇನ್ನೊಮ್ಮೆ ವಿಜ್ಞಾನಿಗಳ ಲೆಕ್ಕಕ್ಕೆ ಎದುರು ನಿಂತಿತು. ಎರಡು ಸಲವೂ ನೆನಪೇ ಸರಿಯಾಗಿತ್ತು. ಅದು ಹೇಗೆ ಸರಿಯಾಗಿತ್ತು ಅನ್ನುವುದನ್ನು ತಿಳಿಯಬೇಕಾದರೆ ಅಲ್ಲಿಯ ಊಟ, ಬಟ್ಟೆ, ಮಂಜುಗಡ್ಡೆ, ಹಂಚಿಕೆ ಇವನ್ನೆಲ್ಲ ಮೊದಲು ತಿಳಿಯಬೇಕು. ಹಾಗಾಗಿ ಸ್ವಲ್ಪ ಸುತ್ತಿ ಬರುತ್ತೇನೆ.

ಊರು ಉಟ್ಕಿಯಾಗ್ವಿಕ್. ಅಲಾಸ್ಕಾದ ನೆತ್ತಿಯ ಮೇಲಿದೆ, ಆರ್ಕ್ಟಿಕ್ ಸಮುದ್ರದ ದಡದಲ್ಲಿ, 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಕ್ಷೆಗಳಲ್ಲಿ ಬಹಳ ಕಾಲ ಬ್ಯಾರೋ ಎಂದಿತ್ತು; 2016ರಲ್ಲಿ ಊರಿನವರು ಮತ ಹಾಕಿ ಹಳೆಯ ಹೆಸರನ್ನು ಮರಳಿ ತಂದರು. ಅಲ್ಲಿ ನವೆಂಬರ್ 18ರ ಸುಮಾರಿಗೆ ಮುಳುಗಿದ ಸೂರ್ಯ ಮತ್ತೆ ಹುಟ್ಟುವುದು ಜನವರಿ 23ರ ಸುಮಾರಿಗೆ. ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ ಸೂರ್ಯ ಮುಳುಗುವುದೇ ಇಲ್ಲ. ಒಂದು ಮರವಿಲ್ಲ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಅಡಿ ಮಣ್ಣು ಕರಗುತ್ತದೆ, ಅದರ ಕೆಳಗೆ ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಉಳುವುದು, ಬಿತ್ತುವುದು ಅನ್ನುವ ಮಾತೇ ಇಲ್ಲ. ಈ ಜಾಗದಲ್ಲಿ ಇನ್ಯುಪಿಯಾಟ್ ಜನ ಸಾವಿರ ವರ್ಷಕ್ಕೂ ಹಿಂದಿನಿಂದ ಹೊಟ್ಟೆ ತುಂಬ ಉಂಡು, ಮಕ್ಕಳನ್ನು ಬೆಳೆಸಿಕೊಂಡು ಬಂದಿದ್ದಾರೆ.

ಅಕ್ಕ-ತಮ್ಮನ ತಂದೆ ಹೊರಗಿನವರು. ಚಾರ್ಲ್ಸ್ ಬ್ರೋವರ್ ಎಂಬ ಅಮೆರಿಕನ್, 1880ರ ದಶಕದಲ್ಲಿ ಯುವಕನಾಗಿ ಅಲ್ಲಿಗೆ ಬಂದು, ತಿಮಿಂಗಿಲ ಬೇಟೆ ಮತ್ತು ವ್ಯಾಪಾರದ ಠಾಣೆ ನಡೆಸಿ, ಅಲ್ಲೇ ನೆಲೆ ನಿಂತರು. ತಾಯಿ ಅಸಿಯಂಗಟಾಕ್ ಅದೇ ಊರಿನ ಇನ್ಯುಪಿಯಾಕ್ ಹೆಣ್ಣುಮಗಳು. ತಂದೆಯ ವ್ಯಾಪಾರದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಲೇಬೇಕು. 1848ರಲ್ಲಿ ಮೊದಲ ಅಮೆರಿಕನ್ ಬೇಟೆ ಹಡಗು ಬೇರಿಂಗ್ ಜಲಸಂಧಿ ದಾಟಿ ಈ ಸಮುದ್ರಕ್ಕೆ ಬಂತು. ಅದರ ಹಿಂದೆ ನೂರಾರು ಹಡಗು ಬಂದವು. ಅವರಿಗೆ ಬೇಕಿದ್ದದ್ದು ಬೋಹೆಡ್ ಎಂಬ ತಿಮಿಂಗಿಲದ ಕೊಬ್ಬಿನ ಎಣ್ಣೆ. ಆಮೇಲೆ ಅದರ ಬಾಯೊಳಗೆ ಜರಡಿಯಂತೆ ತೂಗುವ ಬಲೀನ್ ಪಟ್ಟಿಗಳು. ಯುರೋಪು, ಅಮೆರಿಕದ ಹೆಂಗಸರು ಸೊಂಟ ಬಿಗಿಯಲು ತೊಡುತ್ತಿದ್ದ ಕಾರ್ಸೆಟ್‌ಗೆ ಈ ಬಲೀನ್ ಹಾಕುತ್ತಿದ್ದರು. ಬಲೀನ್ ಕಿತ್ತುಕೊಂಡು ಮಾಂಸವನ್ನು ನೀರಿಗೆ ಬಿಟ್ಟು ಹೋದ ಹಡಗುಗಳಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸ್ಪ್ರಿಂಗ್ ಉಕ್ಕು ಬಂತು, ಬಲೀನ್ ಬೆಲೆ ಬಿತ್ತು, ಹಡಗುಗಳು ನಿಂತವು. ಆ ಹೊತ್ತಿಗೆ ತಿಮಿಂಗಿಲಗಳು ಬಹುಪಾಲು ಮುಗಿದಿದ್ದವು. ಸೇಡೀ ಮತ್ತು ಹ್ಯಾರಿ ಹುಟ್ಟಿದ್ದು ಈ ಸೂರೆ ಮುಗಿದ ಮೇಲೆ. ಅಪ್ಪನ ಕಾಲದ ಮಾರುಕಟ್ಟೆ ಹೋಗಿತ್ತು. ಅಮ್ಮನ ಕಡೆಯವರ ಬೇಟೆ ಉಳಿದಿತ್ತು, ಏಕೆಂದರೆ ಅದು ಮಾರುಕಟ್ಟೆಯನ್ನು ನಂಬಿದ್ದಲ್ಲ.

ಆ ತಲೆಮಾರಿನವರು ವರ್ಷವನ್ನು ನೆನಪಿಸಿಕೊಳ್ಳುವುದು ತಿಂಗಳಿನ ಲೆಕ್ಕದಲ್ಲಲ್ಲ, ಯಾವ ಪ್ರಾಣಿ ಯಾವಾಗ ಬಂತು ಎಂಬ ಲೆಕ್ಕದಲ್ಲಿ. ಏಪ್ರಿಲ್, ಮೇ ತಿಮಿಂಗಿಲದ ಕಾಲ. ಮೇ ತಿಂಗಳಲ್ಲೇ ದಕ್ಷಿಣದಿಂದ ಐಡರ್ ಬಾತುಗಳು ಗುಂಪುಗುಂಪಾಗಿ ಬರುತ್ತವೆ. ಜೂನ್, ಜುಲೈನಲ್ಲಿ ಒಡೆದು ತೇಲುವ ಮಂಜುಗಡ್ಡೆಯ ನಡುವೆ ಸೀಲ್, ಗಡ್ಡದ ಸೀಲ್, ವಾಲ್ರಸ್. ಆಮೇಲೆ ಒಳನಾಡಿನ ನದಿಗಳ ಕಡೆಗೆ ಹೋಗಿ ಕ್ಯಾರಿಬೂ ಎಂಬ ಹಿಮಜಿಂಕೆಯ ಬೇಟೆ, ಮೀನು. ಟಂಡ್ರಾದ ಬಯಲಲ್ಲಿ ನೆಲಕ್ಕೆ ಅಂಟಿ ಬೆಳೆಯುವ ಹಣ್ಣುಗಳನ್ನು ಹೆಂಗಸರು ಮಕ್ಕಳು ಆಯುತ್ತಾರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತಿಮಿಂಗಿಲಗಳು ಹಿಂದಿರುಗುವಾಗ ಮತ್ತೊಂದು ಬೇಟೆ. ನದಿ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆ ಕೊರೆದು ಅದರಡಿ ಬಲೆ ಬಿಟ್ಟು ಮೀನು. ಚಳಿಗಾಲದ ಕತ್ತಲಲ್ಲಿ ಬಿಳಿ ನರಿಗೆ ಬೋನು, ಸೀಲ್ ಉಸಿರಾಡುವ ತೂತಿನ ಪಕ್ಕದಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಕಾಯುವುದು. ಒಂದು ಪ್ರಾಣಿ ಬರದಿದ್ದರೆ ಇನ್ನೊಂದು. ಎರಡು ಬರದಿದ್ದರೆ ನೆಂಟರ ಮನೆ. ಎಲ್ಲವೂ ಕೈಕೊಟ್ಟ ವರ್ಷಗಳನ್ನೂ ಹಳಬರು ಹೇಳುತ್ತಿದ್ದರು. ಹಸಿವು ಅವರಿಗೆ ಕೇಳಿದ ಕಥೆಯಾಗಿರಲಿಲ್ಲ.

ಈ ಬದುಕಿನ ಅರ್ಧ ಭಾಗ ಸೂಜಿಯ ತುದಿಯಲ್ಲಿತ್ತು. ಬೇಟೆಯ ಕಥೆ ಹೇಳುವಾಗ ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ನಾನು ಬಿಡಲಾರೆ. ಕ್ಯಾರಿಬೂ ಚರ್ಮದ ಅಂಗಿ ಎರಡು ಪದರ: ಒಳಗಿನದರ ಕೂದಲು ಮೈಗೆ ತಾಗುವಂತೆ, ಹೊರಗಿನದರ ಕೂದಲು ಹೊರಕ್ಕೆ. ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಮುಖದ ಸುತ್ತ ವುಲ್ವರೀನ್ ಎಂಬ ಪ್ರಾಣಿಯ ತುಪ್ಪಳದ ಅಂಚು, ಏಕೆಂದರೆ ಅದರ ಮೇಲೆ ಉಸಿರಿನ ತೇವ ಹೆಪ್ಪುಗಟ್ಟಿದರೂ ಕೊಡವಿದರೆ ಉದುರಿಹೋಗುತ್ತದೆ. ಉಮಿಯಾಕ್ ಎಂಬ ಬೇಟೆ ದೋಣಿಗೆ ಮರದ ಚೌಕಟ್ಟು, ಮೇಲೆ ಗಡ್ಡದ ಸೀಲ್‌ನ ಚರ್ಮದ ಹೊದಿಕೆ. ಒಂದು ದೋಣಿಗೆ ಐದಾರು ಚರ್ಮ ಬೇಕು. ಹೆಂಗಸರು ಗುಂಪಾಗಿ ಕೂತು ಕ್ಯಾರಿಬೂ ಬೆನ್ನಿನ ನರದಿಂದ ಮಾಡಿದ ದಾರದಲ್ಲಿ ಅದನ್ನು ಹೊಲಿಯುತ್ತಾರೆ. ಸೂಜಿ ಚರ್ಮದ ಅರ್ಧ ದಪ್ಪಕ್ಕೆ ಮಾತ್ರ ಹೋಗಿ ಹೊರಬರಬೇಕು, ಆಚೆ ಬದಿಗೆ ತೂತು ಬೀಳಬಾರದು. ನೀರಿಗಿಳಿದಾಗ ನರದ ದಾರ ಉಬ್ಬಿ ಹೊಲಿಗೆಯ ಸಂದನ್ನು ಮುಚ್ಚುತ್ತದೆ. ಆ ಹೊಲಿಗೆ ಬಿಟ್ಟರೆ ದೋಣಿಯಲ್ಲಿದ್ದವರು ಬದುಕುವುದಿಲ್ಲ. ತಿಮಿಂಗಿಲ ಬೇಟೆಯ ಯಜಮಾನನಿಗೆ ಉಮಿಯಾಲಿಕ್ ಅನ್ನುತ್ತಾರೆ. ತಿಮಿಂಗಿಲ ಒಲಿದು ಬರುವುದು ಅವನಿಗಲ್ಲ, ಅವನ ಹೆಂಡತಿಗೆ ಎಂಬುದು ಅವರ ನಂಬಿಕೆ. ಮನೆಯೊಡತಿ ಸಮಾಧಾನದಿಂದಿದ್ದರೆ, ಬಡವರಿಗೆ ಮುದುಕರಿಗೆ ಕೈಬಿಚ್ಚಿ ಕೊಡುವವಳಾಗಿದ್ದರೆ, ತಿಮಿಂಗಿಲ ಆ ಮನೆಯ ದೋಣಿಯನ್ನು ಹುಡುಕಿಕೊಂಡು ಬರುತ್ತದೆ.

ಇನ್ನು ಬೇಟೆಗೆ ಬರೋಣ. ಚಳಿಗಾಲದಲ್ಲಿ ಸಮುದ್ರ ದಡದಿಂದ ಕೆಲವು ಕಿಲೋಮೀಟರಿನವರೆಗೆ ಗಟ್ಟಿಯಾಗಿ ಹೆಪ್ಪುಗಟ್ಟಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಅದರಾಚೆ ಗಾಳಿಗೆ, ಪ್ರವಾಹಕ್ಕೆ ಓಡಾಡುವ ಮಂಜುಗಡ್ಡೆ. ವಸಂತದಲ್ಲಿ ಪೂರ್ವದ ಗಾಳಿ ಬೀಸಿದಾಗ ಈ ಎರಡರ ನಡುವೆ ಬಿರುಕು ಬಿಟ್ಟು ನೀರಿನ ದಾರಿ ತೆರೆಯುತ್ತದೆ. ಎಲ್ಲಿ ತೆರೆದಿದೆ ಅನ್ನುವುದು ಊರಿನಿಂದಲೇ ತಿಳಿಯುತ್ತದೆ: ಮಂಜುಗಡ್ಡೆಯ ಮೇಲಿನ ಮೋಡ ಬೆಳ್ಳಗಿರುತ್ತದೆ, ತೆರೆದ ನೀರಿನ ಮೇಲಿನ ಮೋಡದ ಹೊಟ್ಟೆ ಕಪ್ಪಾಗಿ ಕಾಣುತ್ತದೆ. ಬೇಟೆಯ ತಂಡಗಳು ಕೊಡಲಿ, ಪಿಕಾಸಿ ಹಿಡಿದು ಒರಟು ಮಂಜುಗಡ್ಡೆಯ ದಿಬ್ಬಗಳನ್ನು ಕಡಿದು ಆ ನೀರಿನವರೆಗೆ ದಾರಿ ಮಾಡುತ್ತವೆ. ಆ ದಾರಿ ಬರೀ ಹೋಗುವುದಕ್ಕಲ್ಲ, ಓಡಿ ಬರುವುದಕ್ಕೂ ಹೌದು. ಗಾಳಿ ಪಶ್ಚಿಮಕ್ಕೆ ತಿರುಗಿದರೆ ಆಚೆಯ ಮಂಜುಗಡ್ಡೆ ಬಂದು ಅಪ್ಪಳಿಸಿ ಮನೆಯೆತ್ತರಕ್ಕೆ ರಾಶಿ ಬೀಳುತ್ತದೆ. ಕೆಲವೊಮ್ಮೆ ಕಾಲ ಕೆಳಗಿನ ತುಂಡೇ ಕಿತ್ತುಕೊಂಡು ಸಮುದ್ರಕ್ಕೆ ತೇಲಿಹೋಗುತ್ತದೆ. 1997ರ ಮೇ ತಿಂಗಳಲ್ಲಿ ಹೀಗೆಯೇ ನೂರಕ್ಕೂ ಹೆಚ್ಚು ಜನ ತೇಲಿಹೋಗಿ, ಹೆಲಿಕಾಪ್ಟರಿನಲ್ಲಿ ಅವರನ್ನು ಮರಳಿ ತರಬೇಕಾಯಿತು.

ನೀರಿನ ಅಂಚಿನಲ್ಲಿ ಬಿಳಿ ಅಂಗಿ ಹೊದ್ದು, ಬಡಿಯದೆ, ಕೂಗದೆ, ದಿನಗಟ್ಟಲೆ ಕಾಯುತ್ತಾರೆ. ತಿಮಿಂಗಿಲಕ್ಕೆ ಕಿವಿ ಬಹಳ ಸೂಕ್ಷ್ಮ. ಹುಡುಗರನ್ನು ಹತ್ತು ಹನ್ನೆರಡರ ವಯಸ್ಸಿಗೇ ಕರೆದೊಯ್ಯುತ್ತಾರೆ, ಆದರೆ ಮೊದಲ ಕೆಲಸ ಈಟಿ ಹಿಡಿಯುವುದಲ್ಲ. ಒಲೆ ಉರಿಸುವುದು, ಚಹಾ ಕಾಯಿಸುವುದು, ಹಿರಿಯರು ಹೇಳಿದಾಗ ಏಳುವುದು. ಕುಡಿಯುವ ನೀರು ತರುವುದೂ ಅವರದೇ ಕೆಲಸ. ಸಮುದ್ರದ ಹೊಸ ಮಂಜುಗಡ್ಡೆ ಉಪ್ಪು. ಒಂದೆರಡು ಬೇಸಿಗೆ ಕರಗದೆ ಉಳಿದ ಹಳೆಯ ಮಂಜುಗಡ್ಡೆಯಿಂದ ಉಪ್ಪು ಇಳಿದುಹೋಗಿ ಅದು ಸಿಹಿನೀರಾಗಿರುತ್ತದೆ. ಹಳೆಯದು ಯಾವುದು, ಹೊಸದು ಯಾವುದು ಎಂದು ಬಣ್ಣ ನೋಡಿ, ಅಂಚು ಸವೆದಿರುವುದನ್ನು ನೋಡಿ ಗುರುತಿಸಬೇಕು. ನಾನು ಇದನ್ನು ಮೊದಲು ತಿಳಿದಾಗ ಬಹಳ ಹೊತ್ತು ಇದರ ಬಗ್ಗೆಯೇ ಯೋಚಿಸಿದೆ. ಸಮುದ್ರದ ನಡುವೆ ಸಿಹಿನೀರನ್ನು ಕಣ್ಣಿಂದ ಹುಡುಕುವ ವಿದ್ಯೆ ಒಬ್ಬ ಹುಡುಗನಿಗೆ ಒಲೆಯ ಪಕ್ಕದಲ್ಲಿ ಬರುತ್ತದೆ, ಯಾರೂ ಅದನ್ನು ಪಾಠ ಅನ್ನುವುದಿಲ್ಲ.

ತಿಮಿಂಗಿಲ ಸಿಕ್ಕಿದ ಸುದ್ದಿ ಬಂದರೆ ಊರೇ ಹೊರಡುತ್ತದೆ. ದೊಡ್ಡ ಕಪ್ಪಿ, ಹಗ್ಗ ಹಾಕಿ ನೂರಾರು ಜನ ಎಳೆದು ಅದನ್ನು ಮಂಜುಗಡ್ಡೆಯ ಮೇಲೆ ತರುತ್ತಾರೆ. ಯಜಮಾನನ ಮನೆಯ ಮೇಲೆ ಅವನ ಬಾವುಟ ಏರುತ್ತದೆ. ಆ ಮನೆಗೆ ಯಾರು ಬಂದರೂ ಊಟ. ಇನ್ನು ಹಂಚಿಕೆ. ಯಾವ ಭಾಗ ಯಜಮಾನನಿಗೆ, ಯಾವುದು ಅವನ ತಂಡಕ್ಕೆ, ಯಾವುದು ನೆರವಿಗೆ ಬಂದ ಬೇರೆ ದೋಣಿಗಳಿಗೆ, ಯಾವುದು ಇಡೀ ಊರಿಗೆ ಎಂದು ದೇಹದ ಒಂದೊಂದು ಪಟ್ಟಿಗೂ ಕಟ್ಟಳೆಯಿದೆ. ಯಜಮಾನನ ಪಾಲು ಅವನು ತಿನ್ನುವುದಕ್ಕಲ್ಲ. ಜೂನ್‌ನಲ್ಲಿ ನಡೆಯುವ ನಲುಕಾತಾಕ್ ಎಂಬ ಹಬ್ಬದಲ್ಲಿ, ಆಮೇಲೆ ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ದಿನ ಚರ್ಚಿನಲ್ಲಿ ಅದನ್ನು ಊರಿಗೆ ಬಡಿಸಬೇಕು. ಹೆಚ್ಚು ತಿಮಿಂಗಿಲ ಹಿಡಿದವನಿಗೆ ಹೆಚ್ಚು ಕೊಡುವ ಹೊಣೆ ಬೀಳುತ್ತದೆ, ಅಷ್ಟೇ. ಮಕ್ತಕ್ ಎಂದರೆ ಕಪ್ಪು ಚರ್ಮ ಮತ್ತು ಅದಕ್ಕಂಟಿದ ಕೊಬ್ಬು. ಅದರಲ್ಲಿ ವಿಟಮಿನ್ ಸಿ ಇದೆ. ನಿಂಬೆ, ನೆಲ್ಲಿಕಾಯಿ ಯಾವುದೂ ಕಾಣದ ಊರಿನಲ್ಲಿ ಒಸಡು ಕೊಳೆಯುವ ಸ್ಕರ್ವಿ ರೋಗ ಬಾರದಂತೆ ಕಾಯ್ದ ಆಹಾರಗಳಲ್ಲಿ ಅದೂ ಒಂದು.

ಮಾಂಸ ಇಡುವುದು ಸಿಗ್ಲುವಾಕ್‌ನಲ್ಲಿ. ನಮ್ಮ ಬಯಲುಸೀಮೆಯಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ಇತ್ತಲ್ಲ, ಅದೇ ಬಗೆಯದು: ಹೆಪ್ಪುಗಟ್ಟಿದ ನೆಲವನ್ನು ಹತ್ತಿಪ್ಪತ್ತು ಅಡಿ ಕೊರೆದು ಮಾಡಿದ ನೆಲಮಾಳಿಗೆ, ಮೇಲೆ ಸಣ್ಣ ಬಾಯಿ, ಇಳಿಯಲು ಏಣಿ. ವಸಂತದ ಬೇಟೆಗೆ ಮುಂಚೆ ಅದನ್ನು ಖಾಲಿ ಮಾಡಿ, ಕೆರೆದು, ಶುದ್ಧ ಮಾಡುತ್ತಾರೆ. ಬರುವ ತಿಮಿಂಗಿಲಕ್ಕೆ ತಾನು ಮಲಗುವ ಜಾಗ ಸ್ವಚ್ಛವಾಗಿರಬೇಕು, ಇಲ್ಲದಿದ್ದರೆ ಅದು ಬೇರೆ ಮನೆ ನೋಡಿಕೊಳ್ಳುತ್ತದೆ ಎಂದು ಹಿರಿಯರ ಮಾತು. ಕೊಂದ ಸೀಲ್‌ನ ಬಾಯಿಗೆ ಒಂದು ಗುಟುಕು ಸಿಹಿನೀರು ಹಾಕುವ ಪದ್ಧತಿಯೂ ಇತ್ತು. ಉಪ್ಪುನೀರಿನಲ್ಲಿ ಬಾಳಿದ ಜೀವ ಬಾಯಾರಿ ಬಂದಿದೆ ಎಂದು.

ಈಗ ಅಕ್ಕನ ಕಥೆ. ಸೇಡೀ ಅವರನ್ನು ಅಪ್ಪ ಓದಲು ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿದರು. ಅಲ್ಲಿಂದ ಅವರು ಊರಿಗೆ ಮರಳಿದರು, ಮೇಷ್ಟರಾದರು, ಸಮಾಜ ಕಲ್ಯಾಣದ ಕೆಲಸ ಮಾಡಿದರು, ದೊಡ್ಡ ಸಂಸಾರ ಸಾಕಿದರು. 1959ರಲ್ಲಿ ಅಲಾಸ್ಕಾ ರಾಜ್ಯವಾಯಿತು. ಮರುವರ್ಷ ಅವರು ಊರಿನ ಮ್ಯಾಜಿಸ್ಟ್ರೇಟ್ ಆದರು. ಇಂಗ್ಲಿಷ್ ಬಾರದವರು ಎದುರಿಗೆ ನಿಂತರೆ ಇನ್ಯುಪಿಯಾಕ್ ಭಾಷೆಯಲ್ಲೇ ಕೋರ್ಟು ನಡೆಸಿದರು. ಶಾಲೆಯಲ್ಲಿ ಆ ಭಾಷೆ ಆಡಿದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದ ಕಾಲ ಅದು ಅನ್ನುವುದನ್ನು ನೆನಪಿಡಿ.

ಹೊಸ ರಾಜ್ಯದ ಜೊತೆ ಹೊಸ ಬಿಗಿಯೂ ಬಂತು. 1916ರಲ್ಲಿ, ಸೇಡೀ ಹುಟ್ಟಿದ ವರ್ಷವೇ, ಅಮೆರಿಕವೂ, ಕೆನಡಾದ ಪರವಾಗಿ ಬ್ರಿಟನ್ನೂ ವಲಸೆ ಹಕ್ಕಿಗಳ ರಕ್ಷಣೆಗೆ ಒಪ್ಪಂದ ಮಾಡಿಕೊಂಡಿದ್ದವು. ಅದರ ಪ್ರಕಾರ ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬಾತುಗಳನ್ನು ಹೊಡೆಯುವಂತಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಮೋಜಿಗೆ ಬಂದೂಕು ಹಿಡಿಯುವವರಿಗೆ ಇದು ಸರಿಯಾದ ನಿಯಮ. ಆದರೆ ಉತ್ತರದ ತುದಿಯಲ್ಲಿ ಹಕ್ಕಿ ಬರುವುದೇ ಮೇ ತಿಂಗಳಲ್ಲಿ, ಕಾನೂನು ಅನುಮತಿ ಕೊಡುವ ಹೊತ್ತಿಗೆ ಬಹುಪಾಲು ಹಕ್ಕಿ ಊರು ಬಿಟ್ಟಿರುತ್ತದೆ. ಚಳಿಗಾಲದ ಮಾಂಸ ತಳ ಕಂಡ ಹೊತ್ತಿಗೆ ಬರುವ ಮೊದಲ ಹಸಿ ಮಾಂಸ ಅದು. ಯಾವ ಹಕ್ಕಿ ಯಾವ ವಾರ ಬರುತ್ತದೆ, ಎಷ್ಟು ದಿನ ಇರುತ್ತದೆ ಎಂದು ಊರಿನ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

1961ರ ವಸಂತದಲ್ಲಿ ವನ್ಯಜೀವಿ ಅಧಿಕಾರಿಗಳು ಬಂದು ಬಾತು ಹೊಡೆದವರನ್ನು ಹಿಡಿದರು. ಹಿಡಿದವರಲ್ಲಿ ಆ ಊರಿನಿಂದ ರಾಜ್ಯದ ಶಾಸನಸಭೆಗೆ ಆರಿಸಿ ಹೋಗಿದ್ದ ಜಾನ್ ನುಸುಂಗಿನ್ಯಾ ಅವರೂ ಇದ್ದರು. ಊರು ಸಭೆ ಸೇರಿತು. ಮ್ಯಾಜಿಸ್ಟ್ರೇಟ್ ಆಗಿದ್ದ ಸೇಡೀ ಅವರೂ ಊರಿನ ಜೊತೆ ನಿಂತರು. ನಂತರ ನಡೆದದ್ದು ಇಷ್ಟೇ: ಗಂಡಸರು, ಹೆಂಗಸರು, ಮಕ್ಕಳು ಸೇರಿ 138 ಜನ ಕೈಯಲ್ಲಿ ಒಂದೊಂದು ಐಡರ್ ಬಾತು ಹಿಡಿದು ಅಧಿಕಾರಿಯ ಮುಂದೆ ಸಾಲಾಗಿ ನಿಂತರು. ನಾವೂ ಹೊಡೆದಿದ್ದೇವೆ, ನಮ್ಮನ್ನೂ ಹಿಡಿಯಿರಿ ಎಂದು ಬರೆದು ಸಹಿ ಹಾಕಿ ಕೊಟ್ಟರು. ಅಷ್ಟು ಜನರನ್ನು ಇಡುವ ಜೈಲು ಆ ಸೀಮೆಯಲ್ಲೇ ಇರಲಿಲ್ಲ. ಕಲ್ಲು ತೂರಲಿಲ್ಲ, ಕೂಗಾಟವಿಲ್ಲ. ಕೊನೆಗೆ ಮೊಕದ್ದಮೆಗಳನ್ನು ಕೈಬಿಟ್ಟರು. ಒಬ್ಬ ನ್ಯಾಯಾಧಿಕಾರಿ ತಾನು ಜಾರಿ ಮಾಡಬೇಕಾದ ಕಾನೂನಿನ ತಪ್ಪನ್ನು ಕಂಡು ತನ್ನವರ ಜೊತೆ ನಿಂತದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಒಪ್ಪಂದಕ್ಕೆ ತಿದ್ದುಪಡಿ ಆದದ್ದು 1990ರ ದಶಕದಲ್ಲಿ. ವಸಂತದ ಬೇಟೆ ಕಾನೂನಿನಂತೆ ತೆರೆದದ್ದು 2003ರಲ್ಲಿ. ಸೇಡೀ ಅವರು ಅದನ್ನು ಕಂಡು, 2004ರಲ್ಲಿ ತೀರಿಕೊಂಡರು.

ತಮ್ಮನದು ಬೇರೆ ಹೋರಾಟ. ಹ್ಯಾರಿ ಅವರು ಬೇಟೆಯ ಯಜಮಾನರು. ಊರಿನ ಪಕ್ಕದಲ್ಲಿ ಅಮೆರಿಕದ ನೌಕಾಪಡೆ 1947ರಲ್ಲಿ ತೆರೆದ ಆರ್ಕ್ಟಿಕ್ ಸಂಶೋಧನಾಲಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಬಂದ ವಿಜ್ಞಾನಿಗಳನ್ನು ಮಂಜುಗಡ್ಡೆಯ ಮೇಲೆ ಕರೆದೊಯ್ದು ಸುರಕ್ಷಿತವಾಗಿ ಮರಳಿ ತಂದವರು. ಹಾಗಾಗಿ ಎರಡೂ ಕಡೆಯ ಮಾತಿನ ರೀತಿ ಅವರಿಗೆ ಗೊತ್ತಿತ್ತು.

1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಬೋಹೆಡ್ ಬೇಟೆಯನ್ನು ಪೂರ್ತಿ ನಿಷೇಧಿಸಿತು. ಉಳಿದಿರುವ ತಿಮಿಂಗಿಲ ಎರಡು ಸಾವಿರಕ್ಕೂ ಕಡಿಮೆ, ಇನ್ನು ಬೇಟೆಯಾಡಿದರೆ ಸಂತತಿಯೇ ಹೋಗುತ್ತದೆ ಎಂದು ಆಗಿನ ಅಂದಾಜು. ಆ ಅಂದಾಜು ಮಾಡಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಹಡಗುಗಳು ಮಾಡಿದ ಸೂರೆಯ ಚರಿತ್ರೆ ಅವರ ಕಣ್ಣ ಮುಂದಿತ್ತು. ಊರುಗಳಿಗೆ ಸಿಡಿಲು ಬಡಿದಂತಾಯಿತು. ತಿಮಿಂಗಿಲ ಹಿಡಿಯುವ ಹಳ್ಳಿಗಳ ಯಜಮಾನರು ಅದೇ ವರ್ಷ ಸೇರಿ ಅಲಾಸ್ಕಾ ಎಸ್ಕಿಮೋ ತಿಮಿಂಗಿಲ ಬೇಟೆ ಆಯೋಗ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ನಿಷೇಧ ಸ್ವಲ್ಪ ಸಡಿಲವಾಗಿ, 1978ಕ್ಕೆ ಎಲ್ಲ ಹಳ್ಳಿಗಳಿಗೂ ಸೇರಿ ದಡ ಸೇರಿಸಬಹುದಾದದ್ದು ಹನ್ನೆರಡೇ ತಿಮಿಂಗಿಲ ಎಂದು ತೀರ್ಮಾನವಾಯಿತು.

ಎಣಿಸುತ್ತಿದ್ದ ಕ್ರಮ ಹೀಗಿತ್ತು. ಮಂಜುಗಡ್ಡೆಯ ಎತ್ತರದ ದಿಬ್ಬದ ಮೇಲೆ ನಿಂತು, ತೆರೆದ ನೀರಿನ ದಾರಿಯಲ್ಲಿ ಹಾದುಹೋಗುವ ತಿಮಿಂಗಿಲಗಳನ್ನು ಕಣ್ಣಿಂದ ಎಣಿಸುವುದು. ದಾರಿ ಮುಚ್ಚಿದಾಗ ತಿಮಿಂಗಿಲವೂ ಸಾಗುವುದಿಲ್ಲ, ಅದಕ್ಕೆ ಮಂಜುಗಡ್ಡೆಯ ಭಯ ಎಂದು ಲೆಕ್ಕದ ಹಿಂದಿನ ಊಹೆ. ಟಾಮ್ ಆಲ್ಬರ್ಟ್ ಎಂಬ ಪಶುವೈದ್ಯ ವಿಜ್ಞಾನಿ ಆಗ ಆ ಸೀಮೆಯ ಸ್ಥಳೀಯ ಆಡಳಿತಕ್ಕಾಗಿ ಕೆಲಸ ಮಾಡಲು ಬಂದರು. ಹ್ಯಾರಿ ಅವರು ತಾಳ್ಮೆಯಿಂದ ಅವರಿಗೆ ಹೇಳಿದರು: ಬೋಹೆಡ್‌ಗೆ ಮಂಜುಗಡ್ಡೆಯ ಭಯವಿಲ್ಲ. ಅದು ಮಂಜುಗಡ್ಡೆಯ ಕೆಳಗೇ ಈಜುತ್ತದೆ, ತಲೆಯಿಂದ ಮೇಲಕ್ಕೆ ಗುದ್ದಿ ಒಡೆದು ಉಸಿರು ತೆಗೆದುಕೊಳ್ಳುತ್ತದೆ. ದಡದ ಹತ್ತಿರದ ಒಂದು ದಾರಿಯಲ್ಲಿ ಮಾತ್ರವಲ್ಲ, ಬಹಳ ದೂರದವರೆಗೆ ಹರಡಿಕೊಂಡು ಸಾಗುತ್ತದೆ. ನಿಮ್ಮವರು ನೋಡುತ್ತಿರುವುದು ಅಂಚಿನ ಕೆಲವನ್ನು ಮಾತ್ರ.

ಇದರಲ್ಲಿ ಮೆಚ್ಚಬೇಕಾದವರು ಇಬ್ಬರು. ಹೇಳಿದವರು ಒಬ್ಬರು, ಕೇಳಿಸಿಕೊಂಡವರು ಇನ್ನೊಬ್ಬರು. ಆಲ್ಬರ್ಟ್ ಅವರು ಇದನ್ನು ಮುದುಕನ ಮಾತು ಎಂದು ತಳ್ಳಿಹಾಕಲಿಲ್ಲ, ಹಾಗೆಂದು ಕಣ್ಣು ಮುಚ್ಚಿ ಒಪ್ಪಲೂ ಇಲ್ಲ. ಪರೀಕ್ಷಿಸಿ ನೋಡುವಂಥ ಮಾತು ಎಂದು ತಿಳಿದರು. 1980ರ ದಶಕದಲ್ಲಿ ಮಂಜುಗಡ್ಡೆಯ ಅಂಚಿನಲ್ಲಿ ನೀರೊಳಗೆ ಹೈಡ್ರೋಫೋನ್ ಎಂಬ ಮೈಕುಗಳನ್ನು ಸಾಲಾಗಿ ಇಳಿಬಿಟ್ಟರು. ಒಂದೇ ಕೂಗು ಬೇರೆ ಬೇರೆ ಮೈಕಿಗೆ ತಲುಪುವ ಹೊತ್ತಿನ ವ್ಯತ್ಯಾಸದಿಂದ ತಿಮಿಂಗಿಲ ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ನೀರಿನ ದಾರಿ ಪೂರ್ತಿ ಮುಚ್ಚಿ, ಕಣ್ಣಿಗೆ ಒಂದೂ ಕಾಣದ ದಿನಗಳಲ್ಲಿ ಕೂಗುಗಳು ಕೇಳುತ್ತಲೇ ಇದ್ದವು. ದೂರದಿಂದ, ಮಂಜುಗಡ್ಡೆಯ ಅಡಿಯಿಂದ. ಅಂದಾಜು ಮೇಲೇರುತ್ತ ಹೋಯಿತು. 2001ರ ಎಣಿಕೆಯಲ್ಲಿ ಹತ್ತು ಸಾವಿರ ದಾಟಿತು, 2011ರಲ್ಲಿ ಹದಿನಾರು ಸಾವಿರ ದಾಟಿತು. ಇದರಲ್ಲಿ ನಡುವೆ ನಿಜವಾಗಿಯೂ ಹೆಚ್ಚಿದ ಸಂತತಿಯೂ ಸೇರಿದೆ. ಆದರೆ ಮೊದಲ ಲೆಕ್ಕವೇ ಬಹಳ ಕಡಿಮೆಯಿತ್ತು ಎಂಬುದರಲ್ಲಿ ಈಗ ಅನುಮಾನವಿಲ್ಲ. ಹ್ಯಾರಿ ಅವರು 1992ರಲ್ಲೇ ತೀರಿಕೊಂಡಿದ್ದರು.

ಇನ್ನೊಂದು ಸಂಗತಿ. ತಿಮಿಂಗಿಲ ಎರಡು ಮನುಷ್ಯರ ಆಯುಷ್ಯ ಬಾಳುತ್ತದೆ ಎಂದು ಅಲ್ಲಿಯ ಹಿರಿಯರು ಹೇಳುತ್ತಿದ್ದರು. ಹೊರಗಿನವರಿಗೆ ಅದು ಕವಿತೆಯಂತೆ ಕೇಳಿಸಿತು. ಆಮೇಲೆ ಹಿಡಿದ ಕೆಲವು ತಿಮಿಂಗಿಲಗಳ ಮೈಯೊಳಗೆ ಕಲ್ಲಿನ ಈಟಿಮೊನೆಗಳು ಸಿಕ್ಕವು. ಅಂಥ ಮೊನೆಗಳನ್ನು ಜನ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಬಿಟ್ಟಿದ್ದರು. 1999ರಲ್ಲಿ ಕಣ್ಣಿನ ಮಸೂರದ ರಾಸಾಯನಿಕ ಬದಲಾವಣೆಯಿಂದ ವಯಸ್ಸು ಅಳೆದಾಗ ಒಂದಕ್ಕೆ ಇನ್ನೂರು ವರ್ಷ ದಾಟಿತ್ತು.

ಹ್ಯಾರಿ ಅವರೇ ಹೇಳಿದ ಒಂದು ಅನುಭವವನ್ನೂ ಬಿಡಬಾರದು. 1986ರಲ್ಲಿ ಅವರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಆಂಕರೇಜ್‌ನಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಮರಿ ತಿಮಿಂಗಿಲ ತಮ್ಮ ಬಳಿ ಬಂತು ಎಂದರು. ತನ್ನ ತಾಯಿಯನ್ನು ಹೇಗೆ ಹೊಡೆದರು, ದೋಣಿಯಲ್ಲಿ ಯಾರಿದ್ದರು, ಮಾಂಸ ಯಾವ ನೆಲಮಾಳಿಗೆಯಲ್ಲಿದೆ ಎಂದು ಅದು ಹೇಳಿತಂತೆ. ಮರಿಯಿರುವ ತಾಯಿಯನ್ನು ಹೊಡೆಯಬಾರದು ಎಂಬುದನ್ನು ಆಮೇಲೆ ಅವರು ಮತ್ತಷ್ಟು ಒತ್ತಿ ಹೇಳುತ್ತಿದ್ದರು. ಹೈಡ್ರೋಫೋನಿನ ಕಥೆ ಹೇಳಿ ಇದನ್ನು ಮುಚ್ಚಿಟ್ಟರೆ ನಾವು ಅವರಿಂದ ನಮಗೆ ಒಪ್ಪಿಗೆಯಾಗುವಷ್ಟನ್ನು ಮಾತ್ರ ತೆಗೆದುಕೊಂಡ ಹಾಗೆ. ತಿಮಿಂಗಿಲ ಎಲ್ಲಿ ಸಾಗುತ್ತದೆ ಎಂದು ಅಷ್ಟು ನಿಖರವಾಗಿ ತಿಳಿದಿದ್ದ ಮನಸ್ಸೇ ತಿಮಿಂಗಿಲ ತನ್ನನ್ನು ತಾನೇ ಕೊಟ್ಟುಕೊಳ್ಳುತ್ತದೆ ಎಂದು ನಂಬಿತ್ತು. ಅವರೊಳಗೆ ಇವೆರಡರ ನಡುವೆ ಗೋಡೆ ಇರಲಿಲ್ಲ.

ಈಗಿನ ಸ್ಥಿತಿ ಎರಡು ಮಾತು. 1968ರಲ್ಲಿ ಅದೇ ಉತ್ತರ ಕರಾವಳಿಯ ಪ್ರೂಡೋ ಬೇಯಲ್ಲಿ ತೈಲ ಸಿಕ್ಕಿತು, 1971ರಲ್ಲಿ ಅಲಾಸ್ಕಾದ ಮೂಲನಿವಾಸಿಗಳ ಭೂಮಿಯ ಹಕ್ಕಿನ ಕಾನೂನು ಬಂತು, 1972ರಲ್ಲಿ ಇಬೆನ್ ಹಾಪ್ಸನ್ ಅವರ ನಾಯಕತ್ವದಲ್ಲಿ ಆ ಸೀಮೆಗೆ ತನ್ನದೇ ಆಡಳಿತ ಬಂತು. ತೈಲದ ಮೇಲಿನ ತೆರಿಗೆಯ ಹಣದಿಂದಲೇ ಶಾಲೆ, ಆಸ್ಪತ್ರೆ, ತಿಮಿಂಗಿಲದ ಎಣಿಕೆ ಎಲ್ಲ ನಡೆದವು. ನಾಯಿ ಬಂಡಿ ಹೋಗಿ ಸ್ನೋಮೊಬೈಲ್ ಬಂತು, ಶರತ್ಕಾಲದ ಬೇಟೆಗೆ ಅಲ್ಯೂಮಿನಿಯಂ ದೋಣಿ ಬಂತು. ಇದನ್ನೆಲ್ಲ ಅವರು ಬೇಟೆಯೊಳಗೆ ಸೇರಿಸಿಕೊಂಡರು. ಸೇರಿಸಿಕೊಳ್ಳಲು ಆಗದಿರುವುದು ಬಿಸಿಯೇರುತ್ತಿರುವ ಸಮುದ್ರ. ದಡದ ಮಂಜುಗಡ್ಡೆ ತಡವಾಗಿ ಕಟ್ಟುತ್ತದೆ, ತೆಳ್ಳಗಿರುತ್ತದೆ. ಕೆಲವು ಸಿಗ್ಲುವಾಕ್‌ಗಳಲ್ಲಿ ನೀರು ನಿಲ್ಲುತ್ತಿದೆ. 2019ರ ಶರತ್ಕಾಲದಲ್ಲಿ ಉಟ್ಕಿಯಾಗ್ವಿಕ್‌ನ ದೋಣಿಗಳು ವಾರಗಟ್ಟಲೆ ಸಮುದ್ರ ಸುತ್ತಿ ಬರಿಗೈಯಲ್ಲಿ ಮರಳಿದವು. ಮೊದಲ ತಿಮಿಂಗಿಲ ಸಿಕ್ಕಿದ್ದು ನವೆಂಬರ್ ಮಧ್ಯದಲ್ಲಿ, ಸೂರ್ಯ ಚಳಿಗಾಲಕ್ಕೆ ಮುಳುಗುವ ಒಂದೆರಡು ದಿನ ಮೊದಲು.

ಪ್ರಶ್ನೆಗಳಿಗೆ ಬರುತ್ತೇನೆ.

ಹಿರಿಯರೊಬ್ಬರು ಎದ್ದು ಕೇಳಿದರು: "ಏನೇ ಹೇಳಿ ಸಾರ್, ಇನ್ನೂರು ವರ್ಷ ಬದುಕುವ ಪ್ರಾಣಿಯನ್ನು ಕೊಲ್ಲುವುದು ಮನಸ್ಸಿಗೆ ಒಪ್ಪುವುದಿಲ್ಲ. ಈಗ ಅಂಗಡಿ ಇದೆಯಲ್ಲ, ಬಿಡಬಹುದಲ್ಲ?" ಈ ನೋವು ನಿಜವಾದದ್ದು, ನನ್ನೊಳಗೂ ಇದೆ. ಆದರೆ ಅಂಗಡಿಗೆ ಬರುವ ಎಲ್ಲವೂ ವಿಮಾನದಲ್ಲಿ ಅಥವಾ ಬೇಸಿಗೆಯ ಕೆಲವೇ ವಾರ ಬರುವ ಸರಕು ದೋಣಿಯಲ್ಲಿ ಬರಬೇಕು; ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಅಲ್ಲಿಯವರು ತಿಮಿಂಗಿಲ ಬಿಟ್ಟು ತಿನ್ನಬೇಕಾದದ್ದು ಸಾವಿರಾರು ಮೈಲಿ ಆಚೆ ಯಾರೋ ಕೊಂದ ದನ, ಕೋಳಿಯನ್ನು. ಜೀವ ಅಲ್ಲಿಯೂ ಹೋಗುತ್ತದೆ, ಅದು ಅವರ ಕಣ್ಣೆದುರು ಹೋಗುವುದಿಲ್ಲ ಅಷ್ಟೇ. 2019ರಿಂದ 2025ರವರೆಗಿನ ಏಳು ವರ್ಷಕ್ಕೆ ಅಲಾಸ್ಕಾದ ಹನ್ನೊಂದು ಹಳ್ಳಿಗಳಿಗೂ ರಷ್ಯಾದ ಚುಕೋಟ್ಕಾದವರಿಗೂ ಸೇರಿ ಅಂತರರಾಷ್ಟ್ರೀಯ ಆಯೋಗ ಒಪ್ಪಿದ್ದು 392 ತಿಮಿಂಗಿಲ. ಹದಿನಾರು ಸಾವಿರಕ್ಕೂ ಮೇಲ್ಪಟ್ಟ ಸಂತತಿಯಲ್ಲಿ ಅದು ಸಣ್ಣ ಪಾಲು, ಸಂತತಿ ಬೆಳೆದೇ ಇದೆ. ಈ ಸಂತತಿಯನ್ನು ಮುಗಿಸಲು ಹೊರಟದ್ದು ಕಾರ್ಸೆಟ್ಟು, ಮಕ್ತಕ್ ಅಲ್ಲ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: "ಮಂಜುಗಡ್ಡೆಯೇ ಬದಲಾಗಿಹೋದರೆ ಹಿರಿಯರ ನೆನಪಿನಿಂದ ಇನ್ನೇನು ಪ್ರಯೋಜನ?" ಒಳ್ಳೆಯ ಪ್ರಶ್ನೆ. ಒಲೆ ಕಾಯುವ ಹುಡುಗರು ಹುಡುಕುತ್ತಿದ್ದ ಹಳೆಯ ಸಿಹಿ ಮಂಜುಗಡ್ಡೆ ಈಗ ದಡದ ಹತ್ತಿರ ಅಪರೂಪ. ಆ ಗುರುತು ಗೊತ್ತಿದ್ದವರಿಗೆ ಅದು ಇಲ್ಲವಾದದ್ದು ಮೊದಲು ಗೊತ್ತಾಯಿತು. ಉಪಗ್ರಹದ ಚಿತ್ರ ಮಂಜುಗಡ್ಡೆ ಎಷ್ಟು ಹರಡಿದೆ ಎಂದು ಹೇಳುತ್ತದೆ. ಅದರ ಮೇಲೆ ಇವತ್ತು ಟೆಂಟು ಹಾಕಬಹುದೇ, ಈ ಬಿರುಕು ರಾತ್ರಿ ಅಗಲವಾಗುತ್ತದೆಯೇ ಎಂಬುದನ್ನು ಹೇಳಲು ಇನ್ನೂ ಅಲ್ಲಿ ನಿಂತು ನೋಡುವ ಕಣ್ಣೇ ಬೇಕು. ಈಗ ಬೇಟೆಗಾರರೂ ವಿಜ್ಞಾನಿಗಳೂ ಒಟ್ಟಿಗೆ ಹೋಗಿ ದಾರಿಯುದ್ದಕ್ಕೂ ಮಂಜುಗಡ್ಡೆಯ ದಪ್ಪ ಅಳೆದು ನಕ್ಷೆ ಮಾಡಿ ತಂಡಗಳಿಗೆ ಕೊಡುತ್ತಾರೆ. ಯಜಮಾನರು ಆ ನಕ್ಷೆ ನೋಡುತ್ತಾರೆ. ನೋಡಿದ ಮೇಲೆ ಹೊರಗೆ ಹೋಗಿ ಮೋಡದ ಹೊಟ್ಟೆ ನೋಡುತ್ತಾರೆ, ಗಾಳಿ ನೋಡುತ್ತಾರೆ, ಮಂಜುಗಡ್ಡೆಗೆ ಕಬ್ಬಿಣದ ಕೋಲು ಚುಚ್ಚಿ ನೋಡುತ್ತಾರೆ, ಆಮೇಲೆ ಹುಡುಗರನ್ನು ಕರೆಯುತ್ತಾರೆ.